ಕುಣಿಯುವವರು ಕಟ್ಟಿದ ಸಂಗೀತ

ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದಲ್ಲಿ ಡಿಸ್ಕೊದಷ್ಟು ಬೇಗ ಏರಿ, ಅಷ್ಟೇ ಬೇಗ ನಗೆಪಾಟಲಿಗೆ ಈಡಾದ ಪ್ರಕಾರಗಳು ವಿರಳ. 1970ರ ಸುಮಾರಿಗೆ ನ್ಯೂಯಾರ್ಕ್ ನಗರದ ಬೆರಳೆಣಿಕೆಯ ನೃತ್ಯಕೂಟಗಳಲ್ಲಿ ರೂಪುಗೊಳ್ಳತೊಡಗಿದ ಈ ಸಂಗೀತ, ದಶಕ ಮುಗಿಯುವುದರೊಳಗೆ ಅಮೆರಿಕ ಮತ್ತು ಯುರೋಪಿನ ಮಾರುಕಟ್ಟೆಯನ್ನು ಆವರಿಸಿ, 1980ರ ಹೊತ್ತಿಗೆ ತನ್ನ ತವರಿನ ಕಂಪನಿಗಳೇ ಹೆಸರೆತ್ತಲು ಹಿಂಜರಿಯುವ ಸರಕಾಯಿತು. ಆದರೂ ಇಂದಿನ ನೃತ್ಯಸಂಗೀತದ ತಾಳ, ಮುದ್ರಿತ ಹಾಡನ್ನು ಬಿಡಿಸಿ ಮರುಜೋಡಿಸುವ ರೀಮಿಕ್ಸ್ ಪದ್ಧತಿ, ಡಿ.ಜೆ.ಯನ್ನು ಕಲಾವಿದನೆಂದು ಕಾಣುವ ದೃಷ್ಟಿ ಇವೆಲ್ಲ ಬಹುಮಟ್ಟಿಗೆ ಡಿಸ್ಕೊ ಕಾಲದಲ್ಲೇ ನೆಲೆಗೊಂಡವು. ಕುಣಿಯುವವರ ಅಗತ್ಯಕ್ಕೆ ತಕ್ಕಂತೆ ಹುಟ್ಟಿದ ಉಪಾಯಗಳಾದ್ದರಿಂದಲೇ ಮಾರುಕಟ್ಟೆ ಕುಸಿದ ಮೇಲೂ ಅವು ಉಳಿದುಕೊಂಡವು.

ವಾದ್ಯಗಾರರ ತಂಡದ ಬದಲು ಗ್ರಾಮಫೋನ್ ತಟ್ಟೆಗಳನ್ನು ಹಾಕಿ ಕುಣಿಯುವ ತಾಣಕ್ಕೆ ಡಿಸ್ಕೊತೆಕ್ ಎಂದು ಹೆಸರು. ಅಲ್ಲಿ ನುಡಿಸುವ ಸಂಗೀತಕ್ಕೂ ಕ್ರಮೇಣ ಅದೇ ಹೆಸರಿನ ಮೊಟಕು ರೂಪ ಅಂಟಿಕೊಂಡಿತು. ಇಂತಹ ತಾಣಗಳು ಯುರೋಪಿನಲ್ಲಿ ಮೊದಲೇ ಇದ್ದವಾದರೂ, ನ್ಯೂಯಾರ್ಕಿನ ಸಲಿಂಗಿಗಳಿಗೆ, ಕಪ್ಪುಜನರಿಗೆ ಮತ್ತು ಲ್ಯಾಟಿನ್ ಅಮೆರಿಕ ಮೂಲದವರಿಗೆ ನಿರ್ಭಯವಾಗಿ ಕೂಡಿ ಕುಣಿಯಲು ಜಾಗಗಳೇ ಕಡಿಮೆಯಿದ್ದುದರಿಂದ, ಅಲ್ಲಿ ಅವು ಮನರಂಜನೆಗಿಂತ ಹೆಚ್ಚಿನ ಮಹತ್ವ ಪಡೆದವು. ಸಲಿಂಗಿಗಳು ಸೇರುವ ಸ್ಟೋನ್‌ವಾಲ್ ಇನ್ ಎಂಬ ಬಾರಿನ ಮೇಲೆ 1969ರ ಜೂನ್‌ನಲ್ಲಿ ಪೊಲೀಸರು ದಾಳಿ ನಡೆಸಿದಾಗ ಎದ್ದ ಪ್ರತಿಭಟನೆ ಈ ಸಮುದಾಯಕ್ಕೆ ಹೊಸ ಧೈರ್ಯ ತಂದಿತು. ಮರುವರ್ಷದ ಫೆಬ್ರವರಿಯಲ್ಲಿ ಡೇವಿಡ್ ಮ್ಯಾನ್‌ಕುಸೊ ಬ್ರಾಡ್‌ವೇ ರಸ್ತೆಯ ತಮ್ಮ ವಾಸಸ್ಥಳದಲ್ಲೇ ಆರಂಭಿಸಿದ, ಮುಂದೆ ‘ದಿ ಲಾಫ್ಟ್’ ಎಂದು ಪ್ರಸಿದ್ಧವಾದ ಕೂಟದಲ್ಲಿ ಆಹ್ವಾನಿತರಿಗಷ್ಟೇ ಪ್ರವೇಶವಿತ್ತು, ಮದ್ಯ ಮಾರಾಟವಿರಲಿಲ್ಲ, ಧ್ವನಿವ್ಯವಸ್ಥೆಯ ಗುಣಮಟ್ಟಕ್ಕೆ ವಿಶೇಷ ಗಮನವಿತ್ತು. ಕ್ಯಾಮರೂನಿನ ಮನು ದಿಬಾಂಗೊ ಅವರ ‘ಸೋಲ್ ಮಕೋಸಾ’ ಎಂಬ ಹಾಡು ಮ್ಯಾನ್‌ಕುಸೊ ಅವರ ಕೈಸೇರಿ, ಅಲ್ಲಿ ಕುಣಿದವರ ಮೂಲಕ ಊರಿಗೆಲ್ಲ ಹಬ್ಬಿ, 1973ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯನ್ನು ಸೇರಿದಾಗ, ರೇಡಿಯೊದ ಕೃಪೆಯಿಲ್ಲದೆಯೂ ನೃತ್ಯಾಂಗಣವೊಂದು ಹಾಡನ್ನು ಗೆಲ್ಲಿಸಬಲ್ಲದೆಂಬುದು ಕಂಪನಿಗಳಿಗೆ ಮನವರಿಕೆಯಾಯಿತು.

ಕುಣಿತ ನಡುವೆ ನಿಲ್ಲಬಾರದೆಂಬ ಅಗತ್ಯದಿಂದ ಡಿ.ಜೆ.ಯ ಕಲೆ ಬೆಳೆಯಿತು. ‘ಸ್ಯಾಂಕ್ಚುರಿ’ ಎಂಬ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎರಡು ತಟ್ಟೆಗಳನ್ನು ಏಕಕಾಲಕ್ಕೆ ತಿರುಗಿಸಿ, ಎರಡರ ಲಯವನ್ನೂ ಹೊಂದಿಸಿ, ಒಂದು ಹಾಡು ಮುಗಿಯುವ ಮುನ್ನವೇ ಇನ್ನೊಂದನ್ನು ಅದರೊಳಗೆ ಬೆಸೆಯುವ ವಿಧಾನವನ್ನು ರೂಢಿಗೆ ತಂದರು. ಈ ಬೆಸುಗೆಗೆ ಅನುಕೂಲವಾದ ತಾಳ ಫಿಲಡೆಲ್ಫಿಯಾದಿಂದ ಬಂತು: ಅಲ್ಲಿನ ಡ್ರಮ್‌ವಾದಕ ಅರ್ಲ್ ಯಂಗ್ 1973ರ ‘ದಿ ಲವ್ ಐ ಲಾಸ್ಟ್’ ಹಾಡಿನಲ್ಲಿ, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಪೆಟ್ಟನ್ನು ನಾಲ್ಕೂ ಎಣಿಕೆಗಳ ಮೇಲೆ ಸಮಬಲದಿಂದ ಇಟ್ಟು, ಎರಡು ಎಣಿಕೆಗಳ ನಡುವಿನ ಅರ್ಧದಲ್ಲಿ ಹೈ-ಹ್ಯಾಟ್ ಎಂಬ ಜೋಡಿತಾಳದ ಸದ್ದನ್ನು ಸೇರಿಸಿದರು. ಪ್ರತಿ ಎಣಿಕೆಯೂ ಒಂದೇ ತೂಕದ್ದಾಗಿರುವ ಈ ಚತುರಶ್ರ ನಡೆಯಲ್ಲಿ ಹೆಜ್ಜೆ ತಪ್ಪುವ ಭಯವಿಲ್ಲದಿದ್ದುದರಿಂದ ನೃತ್ಯ ಕಲಿಯದವರೂ ಕುಣಿಯಬಹುದಾಗಿತ್ತು. ಅದರ ಮೇಲೆ ಪಿಟೀಲುಗಳ ಮೇಳ, ತುತ್ತೂರಿ, ಚುರುಕಾದ ಬಾಸ್ ಗಿಟಾರ್ ಮತ್ತು ಚರ್ಚ್ ಗಾಯನದಲ್ಲಿ ಪಳಗಿದ ಕಂಠಗಳು ಕೂಡಿಕೊಂಡವು.

ಆ ಕಾಲದ ಏಳು ಇಂಚಿನ ತಟ್ಟೆಯಲ್ಲಿ ಮೂರು ನಾಲ್ಕು ನಿಮಿಷದ ಹಾಡಷ್ಟೇ ಹಿಡಿಯುತ್ತಿದ್ದುದು ಮುಂದಿನ ತೊಡಕಾಯಿತು. ಟಾಮ್ ಮೌಲ್ಟನ್ ಹಾಡುಗಳ ವಾದ್ಯಭಾಗವನ್ನು ಹಿಗ್ಗಿಸಿ, ಗಾಯನ ನಿಂತು ತಾಳವಷ್ಟೇ ಉಳಿಯುವ ಎಡೆಗಳನ್ನು ನಡುವೆ ಕಲ್ಪಿಸಿ, ಗ್ಲೋರಿಯಾ ಗೇನರ್ ಅವರ ಗೀತಸಂಪುಟವೊಂದರ ಇಡೀ ಒಂದು ಬದಿಯನ್ನು ತಡೆಯಿಲ್ಲದ ಹಾಡಿನ ಸರಣಿಯಾಗಿ ಹೆಣೆದರು. ಹನ್ನೆರಡು ಇಂಚಿನ ತಟ್ಟೆಯಲ್ಲಿ ಒಂದೇ ಹಾಡನ್ನು ಮುದ್ರಿಸಿದರೆ ಗೆರೆಗಳು ಅಗಲವಾಗಿ, ತಗ್ಗು ಸ್ವರಗಳು ಹೆಚ್ಚು ಗಟ್ಟಿಯಾಗಿ ಕೇಳುತ್ತವೆಂಬುದನ್ನೂ ಅವರೇ ಕಂಡುಕೊಂಡರು. ವಾಲ್ಟರ್ ಗಿಬನ್ಸ್ ಎಂಬ ಡಿ.ಜೆ. ಮರುಜೋಡಿಸಿದ ‘ಟೆನ್ ಪರ್ಸೆಂಟ್’ 1976ರಲ್ಲಿ ಈ ರೂಪದಲ್ಲಿ ಸಾರ್ವಜನಿಕ ಮಾರಾಟಕ್ಕೆ ಬಂತು. ಹಾಡನ್ನು ಬರೆದವರು, ಹಾಡಿದವರು ಮಾತ್ರವಲ್ಲದೆ ಅದನ್ನು ಮರುಜೋಡಿಸಿದವರೂ ಕರ್ತೃಗಳೆನಿಸುವ ಪರಿಪಾಠ ಇಲ್ಲಿಂದ ಬೇರೂರಿತು.

ಯುರೋಪು ಇದಕ್ಕೆ ಯಂತ್ರವನ್ನು ಜೋಡಿಸಿತು. ಮ್ಯೂನಿಕ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲ್ಲೊಟ್, ಗಾಯಕಿ ಡೊನಾ ಸಮರ್ ಅವರೊಡನೆ 1977ರಲ್ಲಿ ರೂಪಿಸಿದ ‘ಐ ಫೀಲ್ ಲವ್’ ಹಾಡಿನ ಹಿನ್ನೆಲೆಯು ಬಹುತೇಕ ಸಿಂಥಸೈಜರ್‌ನಿಂದ, ಅಂದರೆ ವಿದ್ಯುತ್ ಸಂಕೇತಗಳಿಂದಲೇ ನಾದ ಹೊಮ್ಮಿಸುವ ವಾದ್ಯದಿಂದ ಹುಟ್ಟಿದ್ದಾಗಿತ್ತು. ಲಂಡನ್ನಿನಲ್ಲಿ ಈ ಸಂಗೀತವನ್ನು ಬೆಳೆಸಿದ ಪ್ರಮುಖರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ. ಬೆಂಗಳೂರಿನಲ್ಲಿ ಪಾಪ್ ತಂಡ ಕಟ್ಟಿ ಹಾಡಿದ್ದ ಅವರು 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ, ಕಾರ್ಲ್ ಡಗ್ಲಸ್ ಅವರಿಂದ ಹಾಡಿಸಿದ ‘ಕುಂಗ್ ಫು ಫೈಟಿಂಗ್’ 1974ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಜನಪ್ರಿಯತೆಯ ಮೊದಲ ಸ್ಥಾನಕ್ಕೇರಿತು.

1977ರಲ್ಲಿ ಡಿಸ್ಕೊದ ನೆಲೆಯೇ ಬದಲಾಯಿತು. ಏಪ್ರಿಲ್‌ನಲ್ಲಿ ತೆರೆದ ‘ಸ್ಟುಡಿಯೊ 54’ ಕ್ಲಬ್ಬಿನ ಬಾಗಿಲಲ್ಲಿ ಯಾರನ್ನು ಒಳಬಿಡಬೇಕೆಂಬುದನ್ನು ಸಿರಿವಂತಿಕೆ, ಖ್ಯಾತಿ ಮತ್ತು ವೇಷಭೂಷಣ ನೋಡಿ ನಿರ್ಧರಿಸಲಾಗುತ್ತಿತ್ತು. ಡಿಸೆಂಬರ್‌ನಲ್ಲಿ ಬಂದ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರದಲ್ಲಿ ಬ್ರೂಕ್ಲಿನ್ನಿನ ಬಿಳಿಯ ಯುವಕನೊಬ್ಬ ಡಿಸ್ಕೊದ ನಾಯಕನಾದನು; ಬೀ ಜೀಸ್ ತಂಡದ ಹಾಡುಗಳಿದ್ದ ಅದರ ಧ್ವನಿಮುದ್ರಿಕೆ 1978ರಲ್ಲಿ ಅಮೆರಿಕದ ಪಟ್ಟಿಯಲ್ಲಿ 24 ವಾರ ಮೊದಲ ಸ್ಥಾನದಲ್ಲಿತ್ತು. ಈ ಗೆಲುವನ್ನು ಕಂಡ ಕಂಪನಿಗಳು ಕೈಗೆ ಸಿಕ್ಕಿದ್ದಕ್ಕೆಲ್ಲ ಅದೇ ತಾಳ ಹಾಕಿ ಮಾರಿದವು, ರೇಡಿಯೊ ಕೇಂದ್ರಗಳು ಹಳೆಯ ಕಾರ್ಯಕ್ರಮಗಳನ್ನು ಕೈಬಿಟ್ಟು ಡಿಸ್ಕೊ ಕೇಂದ್ರಗಳಾದವು, ಕೇಳುಗರಿಗೆ ಹೋದಲ್ಲೆಲ್ಲ ಅದೇ ಕೇಳಿ ಬೇಸರ ಹತ್ತಿತು.

ಆ ಬೇಸರಕ್ಕೆ ಬೇರೆ ಅಸಹನೆಗಳೂ ಕೂಡಿಕೊಂಡವು. ಷಿಕಾಗೊದ ಕೇಂದ್ರವೊಂದು ಡಿಸ್ಕೊಗೆ ಹೊರಳಿದಾಗ ಕೆಲಸ ಕಳೆದುಕೊಂಡಿದ್ದ ರೇಡಿಯೊ ನಿರೂಪಕ ಸ್ಟೀವ್ ಡಾಲ್, 1979ರ ಜುಲೈ 12ರಂದು ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಎರಡು ಪಂದ್ಯಗಳ ನಡುವೆ ಡಿಸ್ಕೊ ತಟ್ಟೆಗಳ ರಾಶಿಯನ್ನು ಸಿಡಿಮದ್ದಿನಿಂದ ಸಿಡಿಸಿದರು. ತಟ್ಟೆಯೊಂದನ್ನು ತಂದವರಿಗೆ 98 ಸೆಂಟ್‌ಗೆ ಟಿಕೆಟ್ ಸಿಗುತ್ತಿತ್ತು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದ್ದರಿಂದ ಎರಡನೆಯ ಪಂದ್ಯವೇ ನಡೆಯಲಿಲ್ಲ. ಆ ರಾಶಿಯಲ್ಲಿ ಡಿಸ್ಕೊಗೆ ಸಂಬಂಧವೇ ಇಲ್ಲದ ಕಪ್ಪು ಕಲಾವಿದರ ತಟ್ಟೆಗಳೂ ಇದ್ದವೆಂದು ಅಂದು ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ಕಪ್ಪು ಯುವಕ ವಿನ್ಸ್ ಲಾರೆನ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಜನಾಂಗದ್ವೇಷ, ಸಲಿಂಗಿದ್ವೇಷಗಳ ಆರೋಪವನ್ನು ಡಾಲ್ ಒಪ್ಪಿಲ್ಲವಾದರೂ, ಈ ಸಂಗೀತ ಯಾರದೆಂಬುದು ವಿರೋಧದ ಕಾವನ್ನು ಹೆಚ್ಚಿಸಿತೆಂದು ಅನೇಕ ವಿಮರ್ಶಕರು ಗುರುತಿಸಿದ್ದಾರೆ. ಅದೇ ವರ್ಷ ಧ್ವನಿಮುದ್ರಣ ಉದ್ಯಮದ ವಹಿವಾಟೂ ಇಳಿಯಿತು. ಗ್ರ್ಯಾಮಿ ಪ್ರಶಸ್ತಿಯಲ್ಲಿ ಡಿಸ್ಕೊಗೆಂದು ತೆರೆದ ವಿಭಾಗವು 1980ರಲ್ಲಿ ಗ್ಲೋರಿಯಾ ಗೇನರ್ ಅವರ ‘ಐ ವಿಲ್ ಸರ್ವೈವ್’ ಹಾಡಿಗೆ ಒಮ್ಮೆ ಸಂದು, ಅಲ್ಲಿಗೇ ಮುಚ್ಚಿತು.

ತಟ್ಟೆಗಳು ಸಿಡಿದ ಷಿಕಾಗೊದಲ್ಲೇ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ, ನ್ಯೂಯಾರ್ಕಿನಿಂದ ಬಂದಿದ್ದ ಡಿ.ಜೆ. ಫ್ರಾಂಕಿ ನಕಲ್ಸ್ ಡಿಸ್ಕೊ ನುಡಿಸುವುದನ್ನು ಮುಂದುವರಿಸಿದರು. ಹೊಸ ತಟ್ಟೆಗಳ ಪೂರೈಕೆ ಕಡಿಮೆಯಾದಂತೆ ಹಳೆಯವನ್ನೇ ಕತ್ತರಿಸಿ ಜೋಡಿಸುತ್ತ, ವಿದ್ಯುನ್ಮಾನ ತಾಳಯಂತ್ರಗಳನ್ನು ಬೆರೆಸುತ್ತ ಬೆಳೆದದ್ದು ಹೌಸ್ ಸಂಗೀತ. ಆ ಪ್ರಕಾರದ ಮೊದಲ ತಟ್ಟೆಗಳಲ್ಲಿ ಒಂದೆನ್ನಲಾದ 1984ರ ‘ಆನ್ ಅಂಡ್ ಆನ್’ ಹಾಡಿನ ರಚನೆಯಲ್ಲಿ ಅದೇ ವಿನ್ಸ್ ಲಾರೆನ್ಸ್ ಪಾಲುದಾರರು. ಷಿಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ಬಾಸ್ ಗಿಟಾರ್ ಎಳೆಯು 1979ರಲ್ಲೇ ‘ರ‍್ಯಾಪರ್ಸ್ ಡಿಲೈಟ್’ ಹಾಡಿಗೆ ತಳಹದಿಯಾಗಿ, ರ‍್ಯಾಪ್ ಸಂಗೀತವನ್ನು ವಿಶಾಲ ಮಾರುಕಟ್ಟೆಗೆ ಪರಿಚಯಿಸಿತು. ಷಿಕ್ ತಂಡದ ನೈಲ್ ರಾಜರ್ಸ್ 1980ರ ದಶಕದಲ್ಲಿ ಡೇವಿಡ್ ಬೋವಿ, ಮಡೋನಾ ಅವರ ಗೀತಸಂಪುಟಗಳನ್ನು ರೂಪಿಸಿದರಲ್ಲದೆ, 2013ರಲ್ಲಿ ಡಾಫ್ಟ್ ಪಂಕ್ ಜೋಡಿಯೊಡನೆ ‘ಗೆಟ್ ಲಕ್ಕಿ’ ಹಾಡಿನ ಮೂಲಕ ಹೊಸ ಪೀಳಿಗೆಯನ್ನೂ ತಲುಪಿದರು.

ಅಮೆರಿಕದಲ್ಲಿ ಡಿಸ್ಕೊ ಇಳಿಯುತ್ತಿದ್ದ ಹೊತ್ತಿಗೆ ಭಾರತದಲ್ಲಿ ಅದು ಏರತೊಡಗಿತ್ತು. 1980ರ ಹಿಂದಿ ಚಿತ್ರ ‘ಕುರ್ಬಾನಿ’ಗಾಗಿ ಬಿದ್ದು ಅವರು ಪಾಕಿಸ್ತಾನ ಮೂಲದ ಕಿರಿಯ ಗಾಯಕಿ ನಾಜಿಯಾ ಹಸನ್ ಅವರಿಂದ ಹಾಡಿಸಿದ ಒಂದೇ ಹಾಡು, ಬಳಿಕ ಬಂದ ‘ಡಿಸ್ಕೊ ದೀವಾನೆ’ ಗೀತಸಂಪುಟ, ಬಪ್ಪಿ ಲಾಹಿರಿ ಸಂಗೀತದ 1982ರ ‘ಡಿಸ್ಕೊ ಡಾನ್ಸರ್’ ಚಿತ್ರ ಇವು ಬಣ್ಣದ ದೀಪಗಳ, ಮಿನುಗು ಉಡುಪಿನ ಹೊಸ ಅಭಿರುಚಿಯನ್ನು ಬಿತ್ತಿದವು. ಮಿಥುನ್ ಚಕ್ರವರ್ತಿ ನಟಿಸಿದ ಈ ಕೊನೆಯ ಚಿತ್ರ ಸೋವಿಯತ್ ಒಕ್ಕೂಟದಲ್ಲೂ ಅಪಾರ ಜನರನ್ನು ಸೆಳೆಯಿತು. ಕನ್ನಡದಲ್ಲಿ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ನೀಡಿದ ಸಂಗೀತದಲ್ಲೂ ಈ ಗತಿಯ ಛಾಯೆಯನ್ನು ಗುರುತಿಸಬಹುದು.

ಡಿಸ್ಕೊದ ಚರಿತ್ರೆಯನ್ನು 1977ರ ಸಿನಿಮಾದಿಂದ ಆರಂಭಿಸಿ 1979ರ ಕ್ರೀಡಾಂಗಣದಲ್ಲಿ ಮುಗಿಸುವ ರೂಢಿ ಈಗಲೂ ಇದೆ. ಆ ಎರಡು ವರ್ಷಗಳ ಕಥೆ ಮುಖ್ಯವಾಗಿ ಲಾಭನಷ್ಟದ ಕಥೆ. ಅದಕ್ಕೂ ಹಿಂದೆ, ಸಮಾಜ ಅಂಚಿಗೆ ತಳ್ಳಿದ್ದ ಜನ ತಮ್ಮ ಕುಣಿತಕ್ಕೆಂದು ಕಂಡುಕೊಂಡ ತಾಳ, ಬೆಸುಗೆ ಮತ್ತು ಮರುಜೋಡಣೆಗಳು ಇಂದು ಎಲ್ಲ ದೇಶಗಳ ಜನಪ್ರಿಯ ಸಂಗೀತದ ಸಾಮಾನ್ಯ ವ್ಯಾಕರಣವಾಗಿವೆ. ಡಿಸ್ಕೊವನ್ನು ಅಳೆಯುವಾಗ ತೂಗಬೇಕಾದದ್ದು ಈ ಕೊಡುಗೆಯನ್ನೇ.