ಆಟಿಯ ತೇವ, ಅಟ್ಟದ ಬಿಸುಪು

ಆಟಿ ತಿಂಗಳಿನಲ್ಲಿ ಬೆಳ್ತಂಗಡಿಯ ಗೃಹಿಣಿಗೆ ಹವಾಮಾನದ ವರದಿ ಬೇಕಿಲ್ಲ. ಉಪ್ಪಿನ ಭರಣಿಯ ಮುಚ್ಚಳ ತೆಗೆದರೆ ಸಾಕು. ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 75ನ್ನು ದಾಟಿತೆಂದರೆ ಉಪ್ಪು ತಾನಾಗಿಯೇ ನೀರೊಡೆಯತೊಡಗುತ್ತದೆ. ಬೂಷ್ಟು ಬೆಳೆಯಲು ಸುಮಾರು 70 ಇದ್ದರೂ ಆಯಿತು. ಆದುದರಿಂದ ಭರಣಿಯಲ್ಲಿ ನೀರು ಕಂಡ ದಿನವೇ ಪೆಟ್ಟಿಗೆಯ ಪೀತಾಂಬರಕ್ಕೂ ಭೂಮಿಯ ಹಕ್ಕುಪತ್ರಕ್ಕೂ ಅಜ್ಜನ ಭಾವಚಿತ್ರಕ್ಕೂ ಗಂಡಾಂತರ ಒದಗಿತೆಂದು ತಿಳಿಯತಕ್ಕದ್ದು.

ಆಗ ಕಿಟಕಿಗಳನ್ನೆಲ್ಲ ತೆರೆದಿಡಿರೆಂದು ಸಲಹೆ ಕೊಡುವವರು ಬಹಳ. ಅಡಿಗೆಮನೆಯ ಹಬೆ ಹೊರಹೋಗಬೇಕು, ನಿಜ. ಆದರೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ, ಜಡಿಮಳೆ ಹಿಡಿದಿರುವಾಗ, ಹೊರಗಿನ ಗಾಳಿಯನ್ನು ಕೋಣೆಗೆ ಬಿಡುವುದೆಂದರೆ ನೇತ್ರಾವತಿಯನ್ನೇ ಒಳಗೆ ಕರೆದಂತೆ!

ಹಿರಿಯರ ಉಪಾಯ ಬೇರೆ. ಬಂಟ್ವಾಳದ ಕಡೆಯ ಹಳೆಯ ಮನೆಗಳಲ್ಲಿ ಒಲೆಯ ಮೇಲುಗಡೆ ಅಟ್ಟ. ಅಲ್ಲಿ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ, ಕರಿಮೆಣಸು, ಬಿತ್ತನೆಯ ಬೀಜ. ಹೊಗೆ ಹುಳುಗಳನ್ನು ಅಟ್ಟಿತು, ಸರಿಯೆ. ತೇವವನ್ನು ಗೆದ್ದದ್ದು ಮಾತ್ರ ಬಿಸುಪು. 25 ಡಿಗ್ರಿ ಸೆಂಟಿಗ್ರೇಡಿನ ಒಂದು ಘನಮೀಟರು ಗಾಳಿ ಹೊರಬಲ್ಲ ನೀರಾವಿ ಸುಮಾರು 23 ಗ್ರಾಂ. 33 ಡಿಗ್ರಿಯಲ್ಲಿ 35 ಗ್ರಾಮಿಗೂ ಮೇಲೆ. ಆದ್ದರಿಂದ ತುಂಬಿದ ಗಾಳಿಯನ್ನು ಎಂಟು ಡಿಗ್ರಿ ಬಿಸಿಮಾಡಿದರೆ, ಒಂದು ತೊಟ್ಟು ನೀರೂ ತೊಲಗದೆ, ಆರ್ದ್ರತೆ ನೂರರಿಂದ 65ರ ಸಮೀಪಕ್ಕೆ ಇಳಿಯುತ್ತದೆ. ಅನಿಲದ ಒಲೆ ಬಂದಿತು, ಅಟ್ಟ ತಣ್ಣಗಾಯಿತು. ಹಾಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದು ಪ್ರಾಣಕ್ಕೇ ಎರವು. ಸೀಮೆಎಣ್ಣೆಯ ಒಲೆಯಂತೂ ಉರಿದಷ್ಟು ಎಣ್ಣೆಗೆ ಹೆಚ್ಚುಕಡಿಮೆ ಅಷ್ಟೇ ನೀರನ್ನು ಗಾಳಿಗೆ ಬೆರೆಸುತ್ತದೆ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕಾಪಾಡಬೇಕಾಗಿದ್ದುದು ಅಕ್ಕಿಯಲ್ಲ, ಓಲೆಗರಿ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯ ಪ್ರಾಚೀನ ಪ್ರತಿಗಳು ಉಳಿದದ್ದು ಇಲ್ಲಿ. ಅದರ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಲ್ಲಿಯವರೆಗೆ ಎಷ್ಟು ಮಳೆಗಾಲಗಳು! ಮಹಾಬಂಧದ ಕೆಲವು ಓಲೆಗಳು ನಷ್ಟವಾಗಿಯೇ ಹೋದವು. ಗರಿಗಳನ್ನು ಮರದ ಹಲಗೆಗಳ ನಡುವೆ ಬಿಗಿದು ಬಟ್ಟೆ ಸುತ್ತಿದರೆ ಒಳಸೇರುವ ಗಾಳಿಯೇ ಅಲ್ಪ. ಜೈನರು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತುವ ಶ್ರುತಪಂಚಮಿ ಬರುವುದು ಜ್ಯೇಷ್ಠದಲ್ಲಿ, ಮಳೆ ಹಿಡಿಯುವ ಹೊಸ್ತಿಲಿನಲ್ಲಿ.

ಇಂದು ವಿದ್ಯುತ್ ಯಂತ್ರವುಂಟು. ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯುವಾಗ ನೀರು ಬಸಿದು ತಟ್ಟೆಗೆ ಬೀಳುತ್ತದೆ. ಹತ್ತಡಿ ಎತ್ತರದ 10×12 ಅಡಿ ಕೋಣೆಯ ತುಂಬಿದ ಗಾಳಿಯಲ್ಲಿರುವುದು ಮುಕ್ಕಾಲು ಲೀಟರಿನಷ್ಟು ನೀರು. ಆರ್ದ್ರತೆಯನ್ನು 60ಕ್ಕೆ ತರಲು ಅದರಲ್ಲಿ ಸುಮಾರು 300 ಗ್ರಾಂ ತೆಗೆದರೆ ಸಾಕು. ಆದರೂ ತಟ್ಟೆ ಮತ್ತೆ ಮತ್ತೆ ತುಂಬುತ್ತದೆ. ಮುರಕಲ್ಲಿನ ಗೋಡೆ, ಹಾಸಿಗೆ, ಹಗ್ಗದ ಮೇಲಿನ ಹಸಿ ಪಂಚೆ ಸುಮ್ಮನಿರಬೇಕಲ್ಲ! ಬಾಗಿಲು ಮುಚ್ಚದೆ ಯಂತ್ರ ನಡೆಸಿದರೆ ವಿದ್ಯುತ್ತಿನ ಬಿಲ್ಲಷ್ಟೇ ಏರೀತು.

ಯಂತ್ರವಿಲ್ಲದವರು ಕೋಣೆಯ ಆಸೆ ಬಿಟ್ಟು ಪೆಟ್ಟಿಗೆಯೊಂದನ್ನು ಕಾಯುವುದು ಲೇಸು. ಸಿಲಿಕಾ ಜೆಲ್ಲಿನ ನೀಲಿ ಹರಳು ನೀರುಂಡು ನಸುಗೆಂಪಾದಾಗ ಬಿಸಿಮಾಡಿದರೆ ಪುನಃ ನೀಲಿಯಾಗುತ್ತದೆ; ಆ ಬಣ್ಣ ವಿಷಕರ, ಮಕ್ಕಳ ಕೈಗೆ ಸಿಗಬಾರದು. ಆದರೆ ಪೆಟ್ಟಿಗೆ ಮುಚ್ಚುವ ದಿನ ಮುಖ್ಯ. ಮೇ ತಿಂಗಳ ಬಿಸಿಲಿನ ದಿನಗಳಲ್ಲಿ ನೆರಳಿನಲ್ಲಿ ಆರಿಸಿ ಮುಚ್ಚಿದ ಸೀರೆಗೆ ಒಂದು ಪೊಟ್ಟಣ ಸಾಕಾದೀತು. ಆಟಿಯಲ್ಲಿ ಮಡಿಸಿಟ್ಟದ್ದಕ್ಕೆ ನಾಲ್ಕೂ ಸಾಲವು.