ವ್ಯಸನಮುಕ್ತಿಯ ಅನಂತರದ ಸಂಸಾರ

ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಜೋಳಿಗೆಗೆ ಚಟವನ್ನು ಹಾಕಿದ ಗೃಹಸ್ಥನು ಮನೆಗೆ ಮರಳಿದ ಮೇಲೆ ಮಾಡತಕ್ಕ ಕಾರ್ಯವೇನೆಂಬುದು ಇಲ್ಲಿಯ ವಿವೇಚನೆಯ ವಿಷಯ.

ಮೊದಲು ದೇಹದ ಮಾತು. ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳೊಳಗೆ ನಡುಕ, ಸೆಳವು, ಚಿತ್ತಭ್ರಮೆ ತೋರಬಹುದು, ಪ್ರಾಣಾಪಾಯವೂ ಉಂಟು. ಆದ್ದರಿಂದ ಸಂಕಲ್ಪದೊಡನೆ ವೈದ್ಯರ ನೆರವು ಅವಶ್ಯಕ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.

ತಂದೆ ಕುಡಿತ ಬಿಟ್ಟ ದಿನವೇ ಮಕ್ಕಳ ಭಯ ಬಿಡುವುದಿಲ್ಲ. ರಾತ್ರಿ ಬಾಗಿಲು ಸಪ್ಪಳವಾದರೆ ಅವರು ಇನ್ನೂ ಬೆಚ್ಚುತ್ತಾರೆ. ಹೆಂಡತಿ ಸಂತೆಯ ದುಡ್ಡನ್ನು ಇನ್ನೂ ಬಚ್ಚಿಡುತ್ತಾಳೆ. “ಬಿಟ್ಟೆನಲ್ಲ, ಇನ್ನೂ ಏಕೆ ನಂಬುವುದಿಲ್ಲ?” ಎಂದು ಅವನು ಕೇಳುವುದು ಸಹಜವಾದರೂ ಆತುರದ ಪ್ರಶ್ನೆ. ವಿಶ್ವಾಸವು ಹಳೆಯ ಸಾಲದಂತೆ. ಅದನ್ನು ಕಂತುಕಂತಾಗಿ ತೀರಿಸಬೇಕು. ದೊಡ್ಡ ಆಣೆಗಿಂತ, ಹೇಳಿದ ಹೊತ್ತಿಗೆ ಮನೆ ಸೇರುವುದು, ಶಾಲೆಯ ಸಭೆಗೆ ತಪ್ಪದೆ ಹೋಗುವುದು, ಪಗಾರವನ್ನು ಮನೆಯಲ್ಲಿ ತಂದಿಡುವುದು ಹೆಚ್ಚು ಫಲಕಾರಿ. ಮಕ್ಕಳು ಹಳೆಯ ನೋವನ್ನಾಡಿದರೆ ಅಡ್ಡ ಮಾತನಾಡದೆ ಕೇಳಬೇಕು. ಮಿಠಾಯಿ ಕೊಟ್ಟು ಬಾಯಿ ಮುಚ್ಚಿಸಬಾರದು.

ಇಂಥ ಮನೆಗಳಲ್ಲಿ ಹಿರಿಯ ಮಗಳು ಎಷ್ಟೋ ವೇಳೆ ತಮ್ಮ ತಂಗಿಯರಿಗೆ ತಾಯಿಯಾಗಿರುತ್ತಾಳೆ. ಆ ಹೊರೆಯನ್ನು ಇಳಿಸಿ ಆಕೆಗೆ ಓದುವ ಹೊತ್ತನ್ನು ಮರಳಿಸುವುದು ತಂದೆಯ ನಿಜವಾದ ಪ್ರಾಯಶ್ಚಿತ್ತ. ವ್ಯಸನಕ್ಕೆ ಸಿಕ್ಕಿದವಳು ತಾಯಿಯಾದರೂ ಮಾತು ಇದೇ.

ಮನೆಯವರಿಗೂ ಕರ್ತವ್ಯವುಂಟು. ಮಕ್ಕಳನ್ನು ತಂದೆಯ ಮೇಲಿನ ಗೂಢಚಾರರನ್ನಾಗಿ ಮಾಡಬಾರದು. ಪ್ರತಿ ಜಗಳದಲ್ಲಿಯೂ ಹಳೆಯದನ್ನು ಕೆದಕಬಾರದು. ಆದರೆ ಹೊಡೆತ ಬಡಿತವಿದ್ದಲ್ಲಿ ಹೆಂಡತಿ ಮಕ್ಕಳ ರಕ್ಷಣೆಯೇ ಮೊದಲು. ಸಹನೆಯ ಹೆಸರಿನಲ್ಲಿ ಅವರನ್ನು ತಡೆಯುವುದು ಧರ್ಮವಲ್ಲ.

ಖಾನಾಪುರ ತಾಲೂಕು ಗೋವೆಯ ಗಡಿಗೆ ಹತ್ತಿದೆ. ಅಲ್ಲಿ ಮದ್ಯ ಅಗ್ಗ. ಮದುವೆ ಜಾತ್ರೆಗಳಲ್ಲಿ ಗೆಳೆಯರ ಒತ್ತಾಯವೂ ಇರುತ್ತದೆ. ಎಡವಿದವನು ಅದನ್ನು ಮುಚ್ಚಿಡದೆ ಮರುದಿನವೇ ವೈದ್ಯರಿಗೂ ಮನೆಯವರಿಗೂ ತಿಳಿಸಬೇಕು. ಮುಚ್ಚಿಟ್ಟ ತಪ್ಪು ಮತ್ತೆ ಕುಡಿತಕ್ಕೆ ದಾರಿ. ಒಪ್ಪಿಕೊಂಡ ತಪ್ಪಿಗೆ ಚಿಕಿತ್ಸೆಯುಂಟು.