ಶೋಧಯಂತ್ರದಲ್ಲಿ ಸಣ್ಣ ವರ್ತಕ: ಕ್ರಯದ ಸ್ಥಾನವೂ ಸಹಜ ಸ್ಥಾನವೂ

ವ್ಯಾಪಾರದಲ್ಲಿ ಅಂಗಡಿಯ ಸ್ಥಳಕ್ಕಿರುವ ಮಹತ್ವವನ್ನು ವಿವರಿಸಬೇಕಾದುದಿಲ್ಲ. ಜನರ ಓಡಾಟವಿರುವ ಪೇಟೆಬೀದಿಯಲ್ಲಿ ಬಾಡಿಗೆ ಹೆಚ್ಚು. ಓಣಿಯೊಳಗೆ ಬಾಡಿಗೆ ಕಡಮೆಯಾದರೂ ಹುಡುಕಿಕೊಂಡು ಬರುವ ಗಿರಾಕಿಗಳು ವಿರಳ. ಇಂದು ಈ ಹುಡುಕಾಟದ ದೊಡ್ಡ ಪಾಲು ಗೂಗಲಿನಂತಹ ಶೋಧಯಂತ್ರಗಳ ಪುಟಗಳಲ್ಲಿ ನಡೆಯುತ್ತಿರುವುದರಿಂದ, ಆ ಪುಟದಲ್ಲಿ ತನ್ನ ಹೆಸರು ಎಲ್ಲಿ ಕಾಣಿಸಿಕೊಳ್ಳುತ್ತದೆಂಬುದು ಸಣ್ಣ ವರ್ತಕನಿಗೂ ಜೀವನದ ಪ್ರಶ್ನೆಯಾಗಿದೆ. ಅಲ್ಲಿ ಸ್ಥಾನ ಪಡೆಯಲು ಮಾರ್ಗಗಳು ಎರಡು. ಹಣ ತೆತ್ತು ಜಾಹಿರಾತಿನ ಸ್ಥಾನವನ್ನು ಕೊಳ್ಳುವುದು ಒಂದು. ತನ್ನ ಜಾಲತಾಣವನ್ನು ಉತ್ತಮಪಡಿಸಿ, ಶೋಧಯಂತ್ರವು ತಾನಾಗಿ ಕೊಡುವ ಸಹಜ ಸ್ಥಾನವನ್ನು ಗಳಿಸುವುದು ಇನ್ನೊಂದು. ಅಲ್ಪ ಬಂಡವಾಳದ ವರ್ತಕನಿಗೆ ಇವುಗಳಲ್ಲಿ ಯಾವುದು ಹಿತ? ಪ್ರಸ್ತುತ ಲೇಖನದಲ್ಲಿ ನಾವು ಎರಡರ ಸ್ವರೂಪವನ್ನೂ ತಿಳಿಸಿ, ಈ ವಿಷಯವಾಗಿ ನಡೆದಿರುವ ಎರಡು ಪ್ರಯೋಗಗಳ ಆಧಾರದ ಮೇಲೆ ಉತ್ತರವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ.

ಕ್ರಯದ ಸ್ಥಾನ

ಶೋಧಪುಟದ ಸ್ಥಾನವನ್ನು ಹರಾಜಿನಲ್ಲಿ ಮಾರಿ, ಪ್ರತಿ ಕ್ಲಿಕ್ಕಿಗೂ ಇಷ್ಟೆಂದು ಹಣ ಪಡೆಯುವ ಪದ್ಧತಿಯನ್ನು ೧೯೯೮ರಲ್ಲಿ ಅಮೆರಿಕದ ಗೋಟು.ಕಾಮ್ ಸಂಸ್ಥೆ ರೂಢಿಗೆ ತಂದಿತು. ಅಲ್ಲಿ ಹೆಚ್ಚು ಕೂಗಿದವನಿಗೆ ಮೇಲಿನ ಸ್ಥಾನ. ಗೂಗಲ್ ಸಂಸ್ಥೆಯು ೨೦೦೦ದಲ್ಲಿ ತನ್ನ ಜಾಹಿರಾತು ಯೋಜನೆಯನ್ನು ಆರಂಭಿಸಿ, ೨೦೦೨ರಲ್ಲಿ ಈ ಪದ್ಧತಿಯನ್ನೇ ಒಂದು ಮುಖ್ಯವಾದ ತಿದ್ದುಪಡಿಯೊಡನೆ ಅಂಗೀಕರಿಸಿತು. ಅದೆಂತೆಂದರೆ, ಕೂಗಿದ ಬೆಲೆಯ ಜೊತೆಗೆ ಜಾಹಿರಾತಿನ ಗುಣವನ್ನೂ ಗಣನೆಗೆ ತೆಗೆದುಕೊಳ್ಳಲಾಯಿತು.

ಇದನ್ನು ಸರಳವಾದ ಒಂದು ಉದಾಹರಣೆಯಿಂದ ತಿಳಿಯಬಹುದು. ಹೊಲಿಗೆಯಂತ್ರ ದುರಸ್ತಿಯ ಇಬ್ಬರು ವರ್ತಕರಿದ್ದಾರೆಂದು ಭಾವಿಸೋಣ. ಮೊದಲನೆಯವನು ೨೦ ರೂಪಾಯಿ ಕೂಗಿದ್ದಾನೆ, ಅವನ ಜಾಹಿರಾತಿನ ಗುಣಾಂಕ ೪. ಎರಡನೆಯವನು ಕೂಗಿರುವುದು ೧೨ ರೂಪಾಯಿ, ಆದರೆ ಗುಣಾಂಕ ೮. ಬೆಲೆಯನ್ನು ಗುಣಾಂಕದಿಂದ ಗುಣಿಸಿದರೆ ಮೊದಲನೆಯವನಿಗೆ ೮೦, ಎರಡನೆಯವನಿಗೆ ೯೬ ಬರುತ್ತದೆ. ಕಡಮೆ ಕೂಗಿದವನಿಗೇ ಮೇಲಿನ ಸ್ಥಾನ ದೊರೆಯುತ್ತದೆ. ಅವನು ತೆರಬೇಕಾದುದಾದರೂ ತಾನು ಕೂಗಿದ ೧೨ ರೂಪಾಯಿಯಲ್ಲ. ಪ್ರತಿಸ್ಪರ್ಧಿಯ ೮೦ ಅಂಕಗಳನ್ನು ಮೀರಲು ಸಾಕಾಗುವಷ್ಟು, ಅಂದರೆ ೧೦ ರೂಪಾಯಿಗಿಂತ ತುಸುವೇ ಹೆಚ್ಚು. ವಾಸ್ತವದ ಹರಾಜಿನಲ್ಲಿ ಇನ್ನೂ ಅನೇಕ ಅಂಶಗಳು ಸೇರುತ್ತವೆಯಾದರೂ ತತ್ತ್ವವು ಇದೇ.

ಸಹಜ ಸ್ಥಾನ

ಶೋಧಯಂತ್ರವು ಜಾಲತಾಣಗಳನ್ನು ಸುತ್ತಿ ಓದುತ್ತದೆ; ಓದಿದುದನ್ನು ಪುಸ್ತಕದ ಪದಸೂಚಿಯಂತೆ ಸಂಗ್ರಹಿಸಿಡುತ್ತದೆ; ಪ್ರಶ್ನೆ ಬಂದಾಗ ತಕ್ಕ ಪುಟಗಳನ್ನು ಯೋಗ್ಯತಾನುಸಾರ ಜೋಡಿಸಿ ತೋರಿಸುತ್ತದೆ. ಒಂದು ಪುಟಕ್ಕೆ ಇತರ ಪುಟಗಳು ಕೊಡುವ ಕೊಂಡಿಗಳನ್ನು ಸಾಕ್ಷ್ಯವೆಂದು ಪರಿಗಣಿಸಿ ಯೋಗ್ಯತೆಯನ್ನು ಅಳೆಯುವ ವಿಧಾನವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಸರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ಅವರು ೧೯೯೮ರಲ್ಲಿ ಪ್ರಕಟಿಸಿದರು. ಜಾಹಿರಾತಿನ ಆದಾಯವನ್ನೇ ನೆಚ್ಚಿದ ಶೋಧಯಂತ್ರವು ಗ್ರಾಹಕರಿಗಿಂತ ಜಾಹಿರಾತುದಾರರ ಕಡೆಗೆ ವಾಲುವುದೆಂಬ ಶಂಕೆಯನ್ನು ಅದೇ ವರ್ಷದ ತಮ್ಮ ಪ್ರಬಂಧದಲ್ಲಿ ಅವರೇ ವ್ಯಕ್ತಪಡಿಸಿದ್ದರೆಂಬುದು ಗಮನಾರ್ಹ.

ಸಹಜ ಸ್ಥಾನವನ್ನು ಶೋಧಸಂಸ್ಥೆಯಿಂದ ಹಣಕ್ಕೆ ಕೊಳ್ಳಲಾಗದು. ಹಾಗೆಂದು ಅದು ಪುಕ್ಕಟೆಯೂ ಅಲ್ಲ. ಬರಹ, ಚಿತ್ರ, ತಾಣದ ನಿರ್ವಹಣೆ ಇವಕ್ಕೆ ಶ್ರಮ ಬೇಕು, ಫಲ ಕಾಣಲು ಅನೇಕ ತಿಂಗಳು ಹಿಡಿಯಬಹುದು. ಅಡ್ಡದಾರಿಯೂ ಅಪಾಯಕರ. ಗೂಗಲ್ ತನ್ನ ನಿಯಮಗಳನ್ನು ೨೦೧೧ರಲ್ಲಿ ಬಿಗಿಗೊಳಿಸಿದಾಗ ಹುರುಳಿಲ್ಲದ ಬರಹಗಳನ್ನು ತುಂಬಿದ್ದ ತಾಣಗಳೂ, ೨೦೧೨ರಲ್ಲಿ ಕೃತಕ ಕೊಂಡಿಗಳನ್ನು ಸಂಪಾದಿಸಿದ್ದ ತಾಣಗಳೂ ಕೆಳಗಿಳಿದುವು. ನೆರೆಹೊರೆಯ ಅಂಗಡಿಗಳ ವಿಷಯದಲ್ಲಿ ಮಾತ್ರ ಒಂದು ಸೌಕರ್ಯವಿದೆ. ಸ್ಥಳೀಯ ಶೋಧದಲ್ಲಿ ಪ್ರಶ್ನೆಗೆ ಹೊಂದಿಕೆ, ದೂರ, ಪ್ರಸಿದ್ಧಿ ಈ ಮೂರೂ ಎಣಿಕೆಗೆ ಬರುವುದರಿಂದ, ಸಮೀಪದಲ್ಲಿರುವ ಸಣ್ಣ ಅಂಗಡಿಯು ದೂರದ ದೊಡ್ಡ ಅಂಗಡಿಯನ್ನು ಹಿಂದಿಕ್ಕಬಹುದು. ವಿಳಾಸ, ವೇಳೆ, ದೂರವಾಣಿಗಳನ್ನು ನಕ್ಷೆಯಲ್ಲಿ ದಾಖಲಿಸಲು ಶುಲ್ಕವಿಲ್ಲ.

ಎರಡು ಪ್ರಯೋಗಗಳು

ಕ್ಲಿಕ್ಕುಗಳ ಸಂಖ್ಯೆಯೇ ಜಾಹಿರಾತಿನ ಫಲವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಭಾವನೆಯನ್ನು ಈಬೇ ಸಂಸ್ಥೆಯಲ್ಲಿ ನಡೆದ ಪ್ರಯೋಗವು ಅಲುಗಿಸಿತು. ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ, ಸ್ಟೀವನ್ ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ೨೦೧೫ರಲ್ಲಿ ‘ಎಕನಾಮೆಟ್ರಿಕಾ’ ಪತ್ರಿಕೆಯಲ್ಲಿ ವರದಿಮಾಡಿದರು. ೨೦೧೨ರಲ್ಲಿ ಆ ಸಂಸ್ಥೆಯು ತನ್ನ ಹೆಸರನ್ನೇ ಹುಡುಕುವವರಿಗಾಗಿ ಕೊಡುತ್ತಿದ್ದ ಜಾಹಿರಾತನ್ನು ಕೆಲವು ಶೋಧಯಂತ್ರಗಳಲ್ಲಿ ನಿಲ್ಲಿಸಿತು. ಹಾಗೆ ನಿಂತುಹೋದ ಕ್ಲಿಕ್ಕುಗಳಲ್ಲಿ ಶೇಕಡ ೯೯.೫ರಷ್ಟು ಒಡನೆಯೇ ಸಹಜ ಕೊಂಡಿಯ ಮೂಲಕ ಬಂದುವು. ಅಂದರೆ, ಹೇಗೂ ಬರಲಿದ್ದವರನ್ನು ಕರೆತರಲು ಹಣ ವ್ಯಯವಾಗುತ್ತಿತ್ತು. ಇತರ ಶೋಧಪದಗಳ ಪ್ರಯೋಗದಲ್ಲಿ ಹೊಸಬರೂ ಅಪರೂಪಕ್ಕೆ ಕೊಳ್ಳುವವರೂ ಜಾಹಿರಾತಿನಿಂದ ಪ್ರಭಾವಿತರಾದರು. ಆದರೆ ವೆಚ್ಚದ ಬಹುಭಾಗವು ಪದೇ ಪದೇ ಕೊಳ್ಳುವ ಪರಿಚಿತ ಗಿರಾಕಿಗಳ ಮೇಲೆ ವಿನಿಯೋಗವಾಗುತ್ತಿತ್ತು.

ಈಬೇ ಜಗತ್ಪ್ರಸಿದ್ಧ ಸಂಸ್ಥೆ. ಅದರ ಅನುಭವವು ಹೆಸರಿಲ್ಲದ ಅಂಗಡಿಗೆ ಅನ್ವಯಿಸುವುದೇ ಎಂಬ ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಎರಡನೆಯ ಪ್ರಯೋಗವು ಬೆಳಕು ನೀಡುತ್ತದೆ. ಅಂಗಡಿ ಹೋಟೆಲುಗಳ ಬಗೆಗೆ ಗಿರಾಕಿಗಳ ಅಭಿಪ್ರಾಯಗಳನ್ನು ಸಂಗ್ರಹಿಸುವ ಯೆಲ್ಪ್ ತಾಣದ ಸ್ವಂತ ಶೋಧಪುಟಗಳಲ್ಲಿ ಡೈ ಮತ್ತು ಲೂಕಾ ಎಂಬ ಸಂಶೋಧಕರು ನಡೆಸಿದ ಈ ಪ್ರಯೋಗದ ವರದಿ ೨೦೧೬ರಲ್ಲಿ ಹೊರಬಂದಿತು. ಸುಮಾರು ೧೮,೦೦೦ ಹೋಟೆಲುಗಳ ಪೈಕಿ ೭,೦೦೦ಕ್ಕೂ ಹೆಚ್ಚಿನವನ್ನು ಚೀಟಿ ಎತ್ತಿದಂತೆ ಆಯ್ದು, ಅವಕ್ಕೆ ಮೂರು ತಿಂಗಳು ಜಾಹಿರಾತು ಒದಗಿಸಲಾಯಿತು. ಅವುಗಳ ಪುಟಗಳನ್ನು ನೋಡಿದವರು ಸರಾಸರಿ ಶೇಕಡ ೨೫ರಷ್ಟು, ದಾರಿ ವಿಚಾರಿಸಿದವರು ಶೇಕಡ ೧೮ರಷ್ಟು, ದೂರವಾಣಿ ಮಾಡಿದವರು ಶೇಕಡ ೧೩ರಷ್ಟು ಹೆಚ್ಚಿದರು. ಆದರೆ ಜಾಹಿರಾತು ಮುಗಿದೊಡನೆ ಪರಿಣಾಮವೆಲ್ಲ ಸೊನ್ನೆಗಿಳಿಯಿತು. ಕಪಿಲೆ ಹೊಡೆಯುವವರೆಗೆ ಮಾತ್ರ ನೀರು ಬಂದಂತೆ ಇದು.

ಲೆಕ್ಕದ ತೊಡಕು

ಇದರಿಂದ ವರ್ತಕನ ಲೆಕ್ಕದಲ್ಲಿ ಉಂಟಾಗುವ ವ್ಯತ್ಯಾಸವನ್ನು ನೋಡೋಣ. ಕ್ಲಿಕ್ಕಿಗೆ ೧೦ ರೂಪಾಯಿಯಂತೆ ೫೦೦ ಕ್ಲಿಕ್ಕುಗಳಿಗೆ ೫,೦೦೦ ರೂಪಾಯಿ ವೆಚ್ಚವಾಗಿ, ಹತ್ತು ಮಂದಿ ಗಿರಾಕಿಗಳು ದೊರೆತರೆನ್ನೋಣ. ತಲೆಗೆ ೫೦೦ ರೂಪಾಯಿ ಖರ್ಚು. ಒಬ್ಬ ಗಿರಾಕಿಯಿಂದ ಬರುವ ಲಾಭ ೮೦೦ ರೂಪಾಯಿಯಾದರೆ ೩,೦೦೦ ರೂಪಾಯಿ ಉಳಿದಂತೆ ಕಾಣುತ್ತದೆ. ಆದರೆ ಆ ಹತ್ತರಲ್ಲಿ ಆರು ಮಂದಿ ಜಾಹಿರಾತಿಲ್ಲದಿದ್ದರೂ ಬರುತ್ತಿದ್ದವರಾದರೆ, ನಿಜವಾಗಿ ಗಳಿಸಿದ ಗಿರಾಕಿಗಳು ನಾಲ್ವರು. ಅವರಿಂದ ಬಂದ ಲಾಭ ೩,೨೦೦ ರೂಪಾಯಿ. ಹೀಗೆ ಗಳಿಕೆಯೆಂದು ಕಂಡದ್ದು ೧,೮೦೦ ರೂಪಾಯಿ ನಷ್ಟವಾಗಿ ಪರಿಣಮಿಸುತ್ತದೆ. ಜಾಹಿರಾತಿನ ವರದಿಯನ್ನು ಒಪ್ಪಿಸುವವನು ಜಾಹಿರಾತನ್ನು ಮಾರುವವನೇ ಆಗಿರುವುದರಿಂದ, ಈ ಎರಡನೆಯ ಲೆಕ್ಕವನ್ನು ವರ್ತಕನು ತಾನೇ ಮಾಡಿಕೊಳ್ಳಬೇಕಾಗುತ್ತದೆ.

ಅದಕ್ಕೆ ಈಬೇ ಅನುಸರಿಸಿದ ಉಪಾಯವೇ ಸಾಕು. ದೊಡ್ಡ ಸಲಕರಣೆಯೇನೂ ಬೇಕಿಲ್ಲ. ಜಾಹಿರಾತನ್ನು ಒಂದು ವಾರ ನಡೆಸಿ, ಮುಂದಿನ ವಾರ ನಿಲ್ಲಿಸಿ, ಹೀಗೆ ಕೆಲವು ತಿಂಗಳು ಸಾಗಿಸಿ, ಕ್ಲಿಕ್ಕುಗಳನ್ನಲ್ಲದೆ ಅಂಗಡಿಯ ಒಟ್ಟು ಮಾರಾಟವನ್ನು ಹೋಲಿಸಿ ನೋಡತಕ್ಕದ್ದು. ಹಬ್ಬ, ಮದುವೆಗಳ ಕಾಲವನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಬೇಕು. ತನ್ನ ಹೆಸರಿನ ಮೇಲೆ ಪ್ರತಿಸ್ಪರ್ಧಿಯು ಜಾಹಿರಾತು ಹಾಕಿರುವನೋ ಎಂಬುದನ್ನೂ ನೋಡಿಕೊಳ್ಳಬೇಕು. ಹಾಗಿದ್ದಲ್ಲಿ ನಿಲುಗಡೆಯಿಂದ ಹಾನಿಯಾಗಬಹುದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಎರಡು ಮಾರ್ಗಗಳಲ್ಲಿ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬ ವಾದಕ್ಕೆ ಆಧಾರವಿಲ್ಲ. ಜಾಹಿರಾತು ಫಲ ಕೊಡುವುದು ವರ್ತಕನನ್ನು ಅರಿಯದವರಲ್ಲಿ. ಅರಿತವರಲ್ಲಿ ಅದು ಬಹುಮಟ್ಟಿಗೆ ವ್ಯರ್ಥ. ಆದಕಾರಣ ಹೊಸ ಅಂಗಡಿಯು ಮೊದಲು ಶುಲ್ಕವಿಲ್ಲದ ದಾಖಲೆಗಳನ್ನು ಸರಿಪಡಿಸಿಕೊಂಡು, ಸಹಜ ಸ್ಥಾನ ಬಲಿಯುವವರೆಗೆ ಮಿತವಾಗಿ ಜಾಹಿರಾತನ್ನು ಕೊಳ್ಳುವುದು ಯುಕ್ತ. ಬಲಿತ ಮೇಲೆ ಆಯಾ ಶೋಧಪದದ ವೆಚ್ಚವನ್ನು ನಿಲ್ಲಿಸಿ ಪರೀಕ್ಷಿಸುವುದು ಅವಶ್ಯ. ಸಹಜ ಸ್ಥಾನವೂ ಶಾಶ್ವತವಲ್ಲ. ೨೦೨೪ರಿಂದ ಭಾರತದಲ್ಲಿಯೂ ಗೂಗಲ್ ಅನೇಕ ಪ್ರಶ್ನೆಗಳಿಗೆ ಯಂತ್ರರಚಿತ ಉತ್ತರವನ್ನು ಕೊಂಡಿಗಳಿಗಿಂತ ಮೇಲೆಯೇ ಕೊಡುತ್ತಿದೆ. ಇಂತಹ ಸ್ಥಿತಿಯಲ್ಲಿ ಒಮ್ಮೆ ಬಂದ ಗಿರಾಕಿಯು ಮುಂದಿನ ಸಲ ಯಂತ್ರವನ್ನು ಕೇಳದೆ ನೇರವಾಗಿ ಅಂಗಡಿಗೇ ಬರುವಂತೆ ನಡೆದುಕೊಳ್ಳುವುದರಲ್ಲಿ ಸಣ್ಣ ವರ್ತಕನ ಕ್ಷೇಮವಿದೆ ಎಂದು ನಾವು ಭಾವಿಸುತ್ತೇವೆ.